ತಜ್ಞರಿಲ್ಲದ ಹೊತ್ತಿನಲ್ಲಿ ತಾಲ್ಲೂಕು ಆಸ್ಪತ್ರೆ

ನಡುರಾತ್ರಿಯಲ್ಲಿ ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದವರಿಗೆ ಸಾಮಾನ್ಯವಾಗಿ ಕಾಣಸಿಗುವವರು ಒಬ್ಬ ಎಂಬಿಬಿಎಸ್ ವೈದ್ಯರು, ಒಬ್ಬರೋ ಇಬ್ಬರೋ ಶುಶ್ರೂಷಕಿಯರು, ಒಬ್ಬ ಸಹಾಯಕ. ಹೃದ್ರೋಗ ತಜ್ಞರಾಗಲಿ ನರರೋಗ ತಜ್ಞರಾಗಲಿ ಅಲ್ಲಿರುವುದಿಲ್ಲ. ಫಿಜಿಷಿಯನ್, ಶಸ್ತ್ರಚಿಕಿತ್ಸಕ, ಅರಿವಳಿಕೆ ತಜ್ಞರ ಹುದ್ದೆಗಳು ಭರ್ತಿಯಾಗಿದ್ದರೂ ಹೆಚ್ಚಿನ ಕಡೆ ಒಂದೊಂದಕ್ಕೆ ಒಬ್ಬರೇ. ದಿನಕ್ಕೆ ಮೂರು ಪಾಳಿಯಂತೆ ವಾರಕ್ಕೆ 21 ಪಾಳಿಗಳು. ಒಬ್ಬರು ವಾರಕ್ಕೆ 6 ಪಾಳಿ ದುಡಿದರೂ ಒಂದು ವಿಭಾಗವನ್ನು ಹಗಲಿರುಳು ನಡೆಸಲು ಕನಿಷ್ಠ 4 ಮಂದಿ ತಜ್ಞರು ಬೇಕು. ಒಬ್ಬರೇ ಇದ್ದಲ್ಲಿ ಅವರನ್ನು ರಾತ್ರಿ ಮನೆಯಿಂದ ಕರೆಸಬೇಕಾಗುತ್ತದೆ, ರಜೆಯಲ್ಲಿದ್ದರೆ ಅದೂ ಇಲ್ಲ. ತಾಲ್ಲೂಕು ಆಸ್ಪತ್ರೆಗಿಂತ ಕೆಳಗಿನ ಹಂತದಲ್ಲಿ ಸ್ಥಿತಿ ಇನ್ನೂ ಕಠಿಣ. ಕೇಂದ್ರ ಆರೋಗ್ಯ ಸಚಿವಾಲಯದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ, ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಸುಮಾರು ಶೇ. 80ರಷ್ಟು ಕೊರತೆಯಿತ್ತು.

ಇದನ್ನು ಅನುಭವದಿಂದ ಬಲ್ಲ ನಮ್ಮ ಜನ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದಾರೆ: ಅಲ್ಲಿ ಯಾರೂ ಇರುವುದಿಲ್ಲ, ನೇರವಾಗಿ ಹುಬ್ಬಳ್ಳಿಗೋ ದಾವಣಗೆರೆಗೋ ಕಲಬುರಗಿಗೋ ಹೊರಟುಬಿಡೋಣ. ಈ ತೀರ್ಮಾನ ಕೆಲವು ಕಾಯಿಲೆಗಳಲ್ಲಿ ಸರಿ, ಕೆಲವು ಕಾಯಿಲೆಗಳಲ್ಲಿ ಪ್ರಾಣಕ್ಕೇ ಎರವಾಗುವಂಥದು. ತಜ್ಞರ ಕೈಯೇ ಬೇಕಾದ ತುರ್ತು ಯಾವುದು, ಹತ್ತಿರದ ವೈದ್ಯರ ಬಳಿಯಿರುವ ಔಷಧವೇ ಸಾಕಾಗುವ ತುರ್ತು ಯಾವುದು ಎಂಬ ವಿವೇಚನೆ ಮನೆಯವರಿಗೆ ಮೊದಲೇ ಇರಬೇಕು.

ಹೃದಯಾಘಾತವನ್ನೇ ತೆಗೆದುಕೊಳ್ಳಿ. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತರೆ, ಆ ಭಾಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ದೊರೆಯುವುದಾದರೆ ಅದು ಶ್ರೇಷ್ಠ ಚಿಕಿತ್ಸೆ. ಆದರೆ ದೂರದ ಹಳ್ಳಿಯಿಂದ ಹೊರಟು, ನಗರ ತಲುಪಿ, ಅಲ್ಲಿ ದಾಖಲಾಗುವಷ್ಟರಲ್ಲಿ ಆ ಎರಡು ಗಂಟೆ ಕಳೆದುಹೋಗಿರುತ್ತದೆ. ಅಂಥವರಿಗಾಗಿಯೇ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಟೆನೆಕ್ಟೆಪ್ಲೇಸ್ ಎಂಬ ಔಷಧವನ್ನು ರೋಗಿಯ ತೂಕಕ್ಕೆ ತಕ್ಕಂತೆ ಒಂದೇ ಬಾರಿ, ಕೆಲವೇ ಸೆಕೆಂಡುಗಳಲ್ಲಿ ರಕ್ತನಾಳಕ್ಕೆ ನೀಡಬಹುದು. ಇದಕ್ಕೆ ಹೃದ್ರೋಗ ತಜ್ಞರು ಪಕ್ಕದಲ್ಲಿ ನಿಂತಿರಬೇಕಿಲ್ಲ. ಇಸಿಜಿಯನ್ನು ಸರಿಯಾಗಿ ಓದಬಲ್ಲವರು ಎಲ್ಲಿದ್ದರೂ ಸಾಕು. ಕರ್ನಾಟಕ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆ ಈ ತತ್ತ್ವದ ಮೇಲೆಯೇ ನಿಂತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಕ್ಕೆ ತಲುಪುತ್ತದೆ, ಅಭಿಪ್ರಾಯ ಕೂಡಲೇ ಹಿಂದಿರುಗುತ್ತದೆ, ಹೊರಗೆ ಹಲವು ಸಾವಿರ ರೂಪಾಯಿ ಬೆಲೆಯ ಈ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ಮೊದಲ ಮೂರು ಗಂಟೆಯಲ್ಲಿ ಕೊಟ್ಟರೆ ಇದರ ಫಲ ಹೆಚ್ಚು. 12 ಗಂಟೆ ಕಳೆದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ಔಷಧ ಪಡೆದ ನಂತರ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಆದರೆ ಆಗ ಹೋಗುವ ರೋಗಿ ಚಿಕಿತ್ಸೆ ಆರಂಭವಾದ ರೋಗಿ.

ಎದೆನೋವನ್ನು ಗ್ಯಾಸ್ ಎಂದು ಬಗೆದು ಸೋಡಾ ಕುಡಿಸಿ ಮಲಗಿಸುವ ನಮ್ಮ ರೂಢಿ ಮಾತ್ರ ಯಾವ ಯೋಜನೆಗೂ ಬಗ್ಗುವಂಥದ್ದಲ್ಲ. ಇಸಿಜಿ ತೆಗೆಯಲು ಐದು ನಿಮಿಷ ಸಾಕು. ಈ ಹಿಂದೆ ಪಾರ್ಶ್ವವಾಯು ಆಗಿದ್ದರೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ರಕ್ತಸ್ರಾವದ ತೊಂದರೆಯಿದ್ದರೆ ಚುಚ್ಚುಮದ್ದಿಗೆ ಮುನ್ನವೇ ವೈದ್ಯರಿಗೆ ತಿಳಿಸಬೇಕು.

ಹಾವು ಕಡಿತವೂ ಇದೇ ಗುಂಪಿಗೆ ಸೇರಿದ್ದು. ಕರ್ನಾಟಕದಲ್ಲಿ 2024ರಿಂದ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಕೊಳಕುಮಂಡಲ ಕಚ್ಚಿದಾಗ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಅದನ್ನು ಕಂಡುಹಿಡಿಯಲು ಯಂತ್ರ ಬೇಡ: ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಬಾಗಿಸಿ ನೋಡಿದರಾಯಿತು. ವಿಷದ ಲಕ್ಷಣ ಕಂಡೊಡನೆ ಕರ್ತವ್ಯದಲ್ಲಿರುವ ವೈದ್ಯರೇ ಪ್ರತಿವಿಷ ಆರಂಭಿಸಬಲ್ಲರು. ಕಟ್ಟುಹಾವು ಕಚ್ಚಿ ರೆಪ್ಪೆ ಜೋತುಬಿದ್ದು ಉಸಿರು ಕುಗ್ಗುತ್ತಿದ್ದರೆ ಕೃತಕ ಉಸಿರಾಟದ ವ್ಯವಸ್ಥೆಯುಳ್ಳ ಆಸ್ಪತ್ರೆ ಬೇಕು, ನಿಜ. ಆದರೆ ಪ್ರತಿವಿಷವಿಲ್ಲದೆ ಎರಡು ತಾಸು ಪಯಣಿಸುವುದು ಅಪಾಯಕರ. ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿದರೆ ಸಾಕು.

ಪಾರ್ಶ್ವವಾಯುವಿನ ಮಾತು ಬೇರೆ. ಬಾಯಿ ಒಂದು ಕಡೆಗೆ ವಾಲುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು ಕಂಡಾಗ ಮಿದುಳಿನಲ್ಲಿ ಹೆಪ್ಪಾಗಿದೆಯೋ ರಕ್ತಸ್ರಾವವಾಗಿದೆಯೋ ಎಂಬುದನ್ನು ಸಿ.ಟಿ. ಸ್ಕ್ಯಾನ್ ಮಾತ್ರ ಹೇಳಬಲ್ಲದು. ಹೆಪ್ಪಿಗೆ ಕೊಡುವ ಮದ್ದು ರಕ್ತಸ್ರಾವವಾದವರಿಗೆ ಮಾರಕ. ಆದ್ದರಿಂದ ಮನೆಯಲ್ಲಿ ಆಸ್ಪಿರಿನ್ ಮಾತ್ರೆಯನ್ನೂ ಕೊಡಬಾರದು. ಇಲ್ಲಿ ಅವಧಿ ನಾಲ್ಕೂವರೆ ಗಂಟೆ. ಸ್ಕ್ಯಾನ್ ಇಲ್ಲದ ಆಸ್ಪತ್ರೆಯಲ್ಲಿ ಕಾಯುವುದರಲ್ಲಿ ಅರ್ಥವಿಲ್ಲ. ರೋಗಿ ಕೊನೆಯ ಬಾರಿಗೆ ಸರಿಯಾಗಿದ್ದುದನ್ನು ಕಂಡದ್ದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟು ಹೇಳಬೇಕು. ತಲೆಗೆ ಪೆಟ್ಟುಬಿದ್ದು ಎಚ್ಚರ ತಪ್ಪಿದವರಿಗೂ ಸ್ಕ್ಯಾನ್ ಮತ್ತು ನರಶಸ್ತ್ರಚಿಕಿತ್ಸಕರಿರುವ ಸ್ಥಳವೇ ಬೇಕು.

ಹೆರಿಗೆಯಲ್ಲಿ ಈ ಕೊರತೆಯ ಬಿಸಿ ಹೆಚ್ಚು ತಟ್ಟುತ್ತದೆ. ಸಿಸೇರಿಯನ್‌ಗೆ ಪ್ರಸೂತಿ ತಜ್ಞರೊಬ್ಬರೇ ಸಾಲದು. ಅರಿವಳಿಕೆ ತಜ್ಞರಿಲ್ಲದೆ ಶಸ್ತ್ರಕ್ರಿಯೆ ನಡೆಯದು, ರಕ್ತ ಸಂಗ್ರಹವಿಲ್ಲದೆ ಧೈರ್ಯ ಸಾಲದು. ಸಮಾಧಾನವೆಂದರೆ, ಹೆರಿಗೆ ಹೇಳದೆ ಬರುವ ಅತಿಥಿಯಲ್ಲ. ಏಳನೆಯ ತಿಂಗಳಲ್ಲೇ ಆಶಾ ಕಾರ್ಯಕರ್ತೆಯೊಡನೆ ಕುಳಿತು, ರಾತ್ರಿ ಅರಿವಳಿಕೆ ತಜ್ಞರು ದೊರೆಯುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ ತಾಯಿ ಕಾರ್ಡಿನ ಜೊತೆಯಲ್ಲೇ ಬರೆದಿಡಬಹುದು. ಹಿಂದಿನ ಹೆರಿಗೆ ಸಿಸೇರಿಯನ್ ಆಗಿದ್ದವರು, ರಕ್ತಹೀನತೆಯುಳ್ಳವರು ಇದನ್ನು ತಪ್ಪದೆ ಮಾಡಬೇಕು.

ಹಾಗೆಯೇ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು, ಪ್ರತಿವಿಷ, ಸ್ಕ್ಯಾನ್ ಇವುಗಳಲ್ಲಿ ಯಾವುದಿದೆ ಎಂದು ಆರೋಗ್ಯವಾಗಿರುವಾಗಲೇ ಒಮ್ಮೆ ಹೋಗಿ ಕೇಳಿ. ತಜ್ಞರಿಲ್ಲವೆಂಬ ಕೋಪವನ್ನು ರಾತ್ರಿಪಾಳಿಯ ಒಂಟಿ ವೈದ್ಯರ ಮೇಲೆ ತೀರಿಸಿಕೊಳ್ಳುವುದುಂಟು. ಆ ಖಾಲಿ ಹುದ್ದೆಗೆ ಅವರು ಹೊಣೆಯಲ್ಲ. ಹಲ್ಲೆಯಾದ ಊರಿಗೆ ಬರಲು ಮುಂದಿನವರು ಹಿಂಜರಿಯುತ್ತಾರೆ. ಪ್ರಶ್ನೆ ಕೇಳಬೇಕಾದದ್ದು ಶಾಸಕರನ್ನು, ಜಿಲ್ಲಾ ಆರೋಗ್ಯಾಧಿಕಾರಿಗಳನ್ನು.

ದೊಡ್ಡ ಆಸ್ಪತ್ರೆಗೆ ಕಳುಹಿಸುವಾಗ ಬರಿಗೈಯಲ್ಲಿ ಹೊರಡಬಾರದು. ಯಾವ ಔಷಧವನ್ನು ಎಷ್ಟು ಗಂಟೆಗೆ ಕೊಟ್ಟರೆಂದು ಬರೆದ ಚೀಟಿ ಮತ್ತು ಇಸಿಜಿ ಪ್ರತಿ ಕೈಯಲ್ಲಿರಲಿ. ಸ್ವಂತ ಕಾರಿಗಿಂತ ಆಮ್ಲಜನಕ ಮತ್ತು ತರಬೇತಾದ ಸಿಬ್ಬಂದಿಯಿರುವ 108 ವಾಹನ ಲೇಸು. ಹೋಗುವ ಆಸ್ಪತ್ರೆಯಲ್ಲಿ ಹಾಸಿಗೆ, ತಜ್ಞರು ಇಬ್ಬರೂ ಸಿದ್ಧವಿದ್ದಾರೆಯೇ ಎಂದು ಹೊರಡುವ ಮುನ್ನವೇ ದೂರವಾಣಿಯಲ್ಲಿ ವಿಚಾರಿಸುವಂತೆ ಕರ್ತವ್ಯದಲ್ಲಿರುವ ವೈದ್ಯರನ್ನು ವಿನಂತಿಸಿಕೊಳ್ಳಬೇಕು.