ಸೋಲಿಗರೂ ಕಲಾವೇದಿಕೆಗಳೂ: ಸಾಮರಸ್ಯದ ಒಂದು ನೆಲೆ

ಮದ್ದೂರಿನ ಸಮೀಪದ ವೈದ್ಯನಾಥಪುರದ ಬದಿಯಲ್ಲಿ ಹರಿಯುವ ಶಿಂಷೆಯು ಮಳವಳ್ಳಿ ಸೀಮೆಯನ್ನು ಹಾದು ಕಾವೇರಿಯನ್ನು ಸೇರುತ್ತದೆ. ಆ ಸಂಗಮದಾಚೆಯ ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟಗಳು ಸೋಲಿಗರ ನೆಲೆ. ಬಯಲಿನ ಜನರಿಗೆ ಈ ಸಮುದಾಯವನ್ನು ಪರಿಚಯಿಸಿದವರಲ್ಲಿ ಕಂಸಾಳೆ ಕಲಾವಿದರು ಪ್ರಮುಖರು. ಅವರು ಹಾಡುವ ಮಹದೇಶ್ವರ ಕಾವ್ಯದ ಸಂಕಮ್ಮನ ಸಾಲಿನಲ್ಲಿ ಸೋಲಿಗ ನೀಲೇಗೌಡನು ಪತ್ನಿಯನ್ನು ನಂಬದೆ ಆಕೆಯಿಂದ ಆಣೆಯನ್ನು ಬೇಡುವ ಗಂಡನಾಗಿದ್ದಾನೆ. ಕಾವ್ಯದ ಹಿರಿಮೆ ಪ್ರಶ್ನಾತೀತ. ಆದರೆ ಅಲ್ಲಿ ಸೋಲಿಗನು ಅನ್ಯರ ಕಥನದ ಪಾತ್ರವೇ ಹೊರತು ಕಥನಕಾರನಲ್ಲ.

ಈ ಅಂತರಕ್ಕೆ ಇತಿಹಾಸದ ಹಿನ್ನೆಲೆಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ, 1974ರಲ್ಲಿ ಬಿಳಿಗಿರಿಯ ಕಾಡು ಅಭಯಾರಣ್ಯವಾಯಿತು. ಕಾಡಿನೊಳಗಿನ ಪೋಡುಗಳನ್ನು ತೆರವುಗೊಳಿಸಲಾಯಿತು. ಬೇಸಾಯವೂ ಬೇಟೆಯೂ ನಿಂತವು. 2006ರ ಅರಣ್ಯ ಹಕ್ಕು ಕಾಯ್ದೆಯನ್ವಯ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಕಾನೂನು ಹಕ್ಕನ್ನು ಮರಳಿಸಬಲ್ಲದು. ಕಳೆದುಹೋದ ಗೌರವವನ್ನು ಮರಳಿಸುವ ಹೊಣೆಯಲ್ಲಿ ಕಲಾಸಂಸ್ಥೆಗಳಿಗೂ ಪಾಲಿದೆ.

ಹಾಗಾದರೆ ಅವು ಮಾಡಬೇಕಾದುದೇನು? ಉತ್ಸವದಲ್ಲಿ ಹತ್ತು ನಿಮಿಷದ ಕುಣಿತಕ್ಕೆ ಅವಕಾಶವಿತ್ತರೆ ಸಾಲದು. ಅಂಥ ಪ್ರದರ್ಶನದಲ್ಲಿ ಕುಣಿತವು ಉಳಿದು, ಅದು ಹುಟ್ಟಿದ ಕಾಡು ಮರೆಯಾಗುತ್ತದೆ. ಸೋಲಿಗರು ಸಂಶೋಧಕರೊಡಗೂಡಿ ತಮ್ಮ ಪವಿತ್ರ ತಾಣಗಳ ನಕ್ಷೆಯನ್ನು ಸಿದ್ಧಪಡಿಸಿದ್ದಾರೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಸನ್ನಿಧಿಗಳನ್ನು ಗುರುತಿಸುವ ಆ ನಕ್ಷೆ, ದೊಡ್ಡಸಂಪಿಗೆಯ ಕುರಿತ ಅವರ ನಿರೂಪಣೆ, ಪೋಡು ತೊರೆದ ಹಿರಿಯರ ನೆನಪು ಇವು ಪ್ರದರ್ಶನಾಲಯದ ಕೇಂದ್ರಕ್ಕೆ ಬರಬೇಕು. ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ನಿರ್ಣಯ ಸಮುದಾಯದ್ದಾಗಬೇಕು. ಕಲಾವಿದರ ಹೆಸರು ಆಹ್ವಾನಪತ್ರಿಕೆಯಲ್ಲಿರಬೇಕು. ಸಂಭಾವನೆ ಇತರರಿಗೆ ಸಮನಾಗಿರಬೇಕು. ಧ್ವನಿಮುದ್ರಣದ ಪ್ರತಿ ಪೋಡಿಗೆ ತಲುಪಬೇಕು. ಮೂಲನಿವಾಸಿಗಳ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಯೂ ತಮ್ಮ ಸಾಂಸ್ಕೃತಿಕ ಪರಂಪರೆಯ ಮೇಲೆ ಅವರಿಗಿರುವ ಅಧಿಕಾರವನ್ನು ಎತ್ತಿಹಿಡಿದಿದೆ.

ನಾಗಮಂಗಲ ಸೀಮೆಯವರಾದ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವು ಜನಪದರ ವಸ್ತುಗಳಿಗೂ ಮನ್ನಣೆಯುಂಟೆಂದು ನಾಡಿಗೆ ಮನಗಾಣಿಸಿತು. ಮುಂದಿನ ಹೆಜ್ಜೆ, ಆ ವಸ್ತುಗಳ ಒಡೆಯರ ಮಾತಿಗೆ ಮನ್ನಣೆ. ಕಂಸಾಳೆ ಮೊಳಗುವ ವೇದಿಕೆಯ ಮೇಲೆಯೇ ಸೋಲಿಗರೂ ತಮ್ಮ ಮಹದೇಶ್ವರನ ಕಥೆಯನ್ನು ತಮ್ಮ ನುಡಿಯಲ್ಲಿ ಹೇಳಲಿ. ಒಂದೇ ದೈವದ ಎರಡು ಕಥೆಗಳನ್ನು ಒಟ್ಟಿಗೆ ಕುಳಿತು ಆಲಿಸುವ ಸಭೆಯಲ್ಲಿ ಸಾಮರಸ್ಯಕ್ಕೆ ನೆಲೆ ದೊರೆಯುತ್ತದೆ.