ಕೂಡಿ ಏರುವ ಬೆಟ್ಟ: ಒಂದು ದಿನದ ಚಾರಣದ ರೀತಿನೀತಿ

ಪುಣೆಯಲ್ಲಿ ನೆಲೆಸಿದ ನಮಗೆ ಸಹ್ಯಾದ್ರಿಯು ದೂರದ ಪರ್ವತವಲ್ಲ. ಲೋಣಾವಳದ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಒಂದು ತಾಸಿನಷ್ಟು ಕುಳಿತರೆ ಕೋಟೆ ಹೊತ್ತ ಬೆಟ್ಟಗಳ ಬುಡಕ್ಕೇ ತಲುಪುತ್ತೇವೆ. ಆದರೂ ನಮ್ಮ ಅನೇಕ ಕುಟುಂಬಗಳಿಗೆ ಆ ಬೆಟ್ಟಗಳ ಪರಿಚಯವಾದದ್ದು ಮುಂಬಯಿಗೆ ಹೋಗುವಾಗ ಕಾರಿನ ಕಿಟಕಿಯಿಂದ ಮಾತ್ರ. ನಮ್ಮ ಬಳಗದ ಮೂರು ಕುಟುಂಬಗಳೂ ಬಹುಕಾಲ ಹಾಗೆಯೇ ಇದ್ದವು. ಮಕ್ಕಳ ಒತ್ತಾಯಕ್ಕೆ ಮಣಿದು ಒಂದು ಸ್ಥಳೀಯ ಚಾರಣ ಸಂಘದೊಡನೆ ಹೊರಟ ಮೇಲೆ, ಬೆಟ್ಟ ಹತ್ತುವುದಕ್ಕೂ ಗುಂಪಿನಲ್ಲಿ ಬೆಟ್ಟ ಹತ್ತುವುದಕ್ಕೂ ಎಷ್ಟು ಅಂತರವಿದೆ ಎಂಬುದು ಅರಿವಾಯಿತು. ಆ ಕ್ರಮವನ್ನು ಓದುಗರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಮುಂದಿನವನು, ಹಿಂದಿನವನು

ಸಂಘದ ಚಾರಣದಲ್ಲಿ ಇಬ್ಬರ ಹೊಣೆ ಮುಖ್ಯವಾದುದು. ಒಬ್ಬನು ದಾರಿ ಬಲ್ಲ ನಾಯಕ. ಅವನನ್ನು ದಾಟಿ ಯಾರೂ ಮುಂದೆ ಹೋಗುವಂತಿಲ್ಲ. ಇನ್ನೊಬ್ಬನು ಸಾಲಿನ ಕೊನೆಯಲ್ಲಿ ನಡೆಯುವವನು. ಅವನಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ಈ ಇಬ್ಬರ ನಡುವೆ ಎಲ್ಲರೂ ಇದ್ದಾರೆಂದರೆ ಯಾರೂ ದಾರಿ ತಪ್ಪಿಲ್ಲವೆಂದು ಅರ್ಥ. ಆದ್ದರಿಂದಲೇ ರೈಲು ಇಳಿದಾಗ, ಕಾಡು ಹೊಕ್ಕಾಗ, ಕವಲುದಾರಿ ಬಂದಾಗ, ಶಿಖರ ಬಿಡುವಾಗ ತಲೆಯೆಣಿಕೆ ನಡೆಯುತ್ತದೆ. ಮೊದಮೊದಲು ಇದು ನಮಗೆ ಶಾಲಾಮಕ್ಕಳ ಪ್ರವಾಸದಂತೆ ತೋರಿ ನಗು ಬಂದದ್ದುಂಟು. ಮಂಜು ಕವಿದು ಹತ್ತು ಹೆಜ್ಜೆಯಾಚೆಯ ಮನುಷ್ಯ ಕಾಣದಂತಾದ ದಿನ ಆ ನಗು ನಿಂತಿತು.

ಎರಡನೆಯ ನಿಯಮ ನಡಿಗೆಯ ವೇಗವನ್ನು ಕುರಿತದ್ದು. ಗುಂಪಿನ ವೇಗವೆಂದರೆ ಅದರಲ್ಲಿ ಅತಿ ನಿಧಾನವಾಗಿ ನಡೆಯುವವರ ವೇಗ. ಚುರುಕಾದವರು ಮುಂದೆ ಹೋಗಿ ಮರದ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ; ಹಿಂದುಳಿದವರು ಏದುಸಿರು ಬಿಡುತ್ತ ಬಂದೊಡನೆ ‘ಹೊರಡೋಣ’ ಎಂದು ಏಳುತ್ತಾರೆ. ವಿಶ್ರಾಂತಿಯ ಅಗತ್ಯ ಹೆಚ್ಚಾಗಿದ್ದವರಿಗೇ ವಿಶ್ರಾಂತಿ ಸಿಗದೆ ಹೋಗುತ್ತದೆ. ಒಳ್ಳೆಯ ನಾಯಕನು ಕೊನೆಯವರು ಬಂದು ಕುಳಿತ ಮೇಲೆಯೇ ಬಿಡುವಿನ ಹೊತ್ತನ್ನು ಎಣಿಸಲು ತೊಡಗುತ್ತಾನೆ. ಹತ್ತುವಾಗ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯ ಮಾತಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಮಾತು ತುಂಡಾದರೆ ನಿಧಾನಿಸಬೇಕು.

ಮಳವಲಿಯಿಂದ ಲೋಹಗಡ

ಹೊಸಬರನ್ನು ಸಂಘಗಳು ಮೊದಲು ಕರೆದೊಯ್ಯುವ ದಾರಿಗಳಲ್ಲಿ ಮಳವಲಿಯದೂ ಒಂದು. ಲೋಣಾವಳಕ್ಕಿಂತ ಒಂದು ನಿಲ್ದಾಣ ಮೊದಲು ಇಳಿದು, ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ದಾಟಿ ಭಾಜೆ ಗ್ರಾಮವನ್ನು ಸೇರಬೇಕು. ಅಲ್ಲಿನ ಬೌದ್ಧ ಗುಹೆಗಳು ಕ್ರಿಸ್ತಪೂರ್ವ 2ನೆಯ ಶತಮಾನದಷ್ಟು ಹಳೆಯವು. ಮುಂದೆ ಏರುತ್ತ ಹೋದರೆ ಗಾಯಮುಖ ಖಿಂಡಿ. ಬಲಕ್ಕೆ ಲೋಹಗಡ, ಎಡಕ್ಕೆ ವಿಸಾಪುರ. ಸುಮಾರು 1,030 ಮೀಟರ್ ಎತ್ತರದ ಲೋಹಗಡಕ್ಕೆ ಕಲ್ಲಿನ ಮೆಟ್ಟಿಲುಗಳಿದ್ದು, ಗಣೇಶ, ನಾರಾಯಣ, ಹನುಮಂತ ಎಂಬ ಮೂರು ಬಾಗಿಲುಗಳನ್ನೂ ಮಹಾದ್ವಾರವನ್ನೂ ದಾಟಿ ಮೇಲೇರುತ್ತೇವೆ. ಪುರಂದರ ಒಪ್ಪಂದದಂತೆ 1665ರಲ್ಲಿ ಮೊಗಲರಿಗೆ ಬಿಟ್ಟುಕೊಟ್ಟ ಈ ಕೋಟೆಯನ್ನು ಶಿವಾಜಿ ಮಹಾರಾಜರು 1670ರಲ್ಲಿ ಮರಳಿ ಪಡೆದರು. 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠರ 12 ಕೋಟೆಗಳಲ್ಲಿ ಲೋಹಗಡವೂ ಒಂದಾಗಿದೆ.

ಮೇಲೆ ಚೇಳಿನ ಬಾಲದಂತೆ ಚಾಚಿಕೊಂಡಿರುವ ‘ವಿಂಚೂಕಾಟಾ’ವನ್ನು ನೋಡಿ ಇಳಿದ ಬಳಿಕ, ಲೋಹಗಡವಾಡಿಯ ಮನೆಗಳಲ್ಲಿ ಬಿಸಿ ಪಿಠಲೆ-ಭಾಕರಿ ದೊರೆಯುತ್ತದೆ. ನಾವು ಒಯ್ದ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳು ಗುಂಪಿನ ಮರಾಠಿ ಗೆಳೆಯರ ಡಬ್ಬಿಗಳನ್ನು ಸೇರುತ್ತವೆ.

ಹಿಂತಿರುಗಿದ ದಿನ

ಕೆಲವು ವರ್ಷಗಳ ಹಿಂದಿನ ಜುಲೈ ತಿಂಗಳ ಒಂದು ಭಾನುವಾರ ನಮ್ಮ ಗುಂಪು ವಿಸಾಪುರಕ್ಕೆ ಹೊರಟಿತ್ತು. ಮಳೆಗಾಲದಲ್ಲಿ ಅಲ್ಲಿನ ಒಂದು ಕಣಿವೆಯ ಹಳೆಯ ಮೆಟ್ಟಿಲುಗಳ ಮೇಲೆಯೇ ನೀರು ಧುಮುಕುತ್ತದೆ; ಆ ನೀರಿನಲ್ಲಿ ಹತ್ತುವ ಸಂತೋಷಕ್ಕಾಗಿಯೇ ಜನರು ಬರುತ್ತಾರೆ. ಮೆಟ್ಟಿಲ ಬುಡದಲ್ಲಿ ನಾಯಕನು ನಮ್ಮನ್ನು ನಿಲ್ಲಿಸಿದನು. ನೀರಿನ ಅಂಚಿನಲ್ಲಿ ಒಂದು ಕಲ್ಲನ್ನಿಟ್ಟು ಹತ್ತು ನಿಮಿಷ ಕಾದನು. ಕಲ್ಲು ಮುಳುಗಿತು, ತಿಳಿಯಾಗಿದ್ದ ನೀರು ಕೆಂಪಾಗಿ, ಕಡ್ಡಿ-ಎಲೆಗಳನ್ನು ಹೊತ್ತು ಬರತೊಡಗಿತು. ‘ಇಲ್ಲಿಂದಲೇ ಹಿಂದಿರುಗೋಣ’ ಎಂದನು.

ಆಗ ನಮ್ಮ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಇನ್ನೊಂದು ತಂಡದವರು ನಮ್ಮ ಕಣ್ಣೆದುರೇ ಏರುತ್ತಿದ್ದರು. ನಸುಕಿನಲ್ಲಿ ಎದ್ದು, ಮಕ್ಕಳನ್ನು ಎಬ್ಬಿಸಿ, ಬುತ್ತಿ ಕಟ್ಟಿಕೊಂಡು ಬಂದದ್ದು ಇದಕ್ಕೇ ಏನು ಎಂದು ನಾವು ಗೊಣಗಿದೆವು. ನಮ್ಮವರೊಬ್ಬರು ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದರು. ನಾಯಕನು ವಯಸ್ಸಿನಲ್ಲಿ ನಮ್ಮ ಮಗನಂತಹವನು. ‘ಕಾಕಾ, ಈಗ ಹತ್ತಬಹುದು. ಇಳಿಯುವ ಹೊತ್ತಿಗೆ ನೀರು ಎಷ್ಟಿರುತ್ತದೆಂದು ನಾನು ಹೇಳಲಾರೆ’ ಎಂದಷ್ಟೇ ಉತ್ತರಿಸಿದನು.

ಅವನ ಮಾತಿನ ಕಾರಣ ಬೆಟ್ಟದ ರಚನೆಯಲ್ಲಿಯೇ ಇದೆ. ವಿಸಾಪುರದ ನೆತ್ತಿ ವಿಶಾಲವಾದ ಬಯಲು. ಅದರ ಒಡಲು ಗಟ್ಟಿಯಾದ ಕಪ್ಪು ಶಿಲೆ. ಬಯಲಿನ ಮೇಲೆ ಬಿದ್ದ ಮಳೆ ಹೆಚ್ಚಾಗಿ ಇಂಗದೆ ಕೆಲವೇ ಕಣಿವೆಗಳ ಮೂಲಕ ಕೆಳಗಿಳಿಯುತ್ತದೆ. ಹೀಗಾಗಿ ಕೆಳಗೆ ನಿಂತವರ ಮೇಲೆ ಮಳೆಯಿಲ್ಲದಿದ್ದರೂ ಮೇಲೆ ಸುರಿದ ಮಳೆಯ ನೀರು ಸ್ವಲ್ಪ ಹೊತ್ತಿನಲ್ಲಿಯೇ ಅವರನ್ನು ತಲುಪೀತು. ಬಣ್ಣ ಬದಲಾದ ನೀರು, ತೇಲಿ ಬರುವ ಕಸಕಡ್ಡಿ, ಹೆಚ್ಚುವ ಸದ್ದು, ಇವೇ ಅದರ ಮುನ್ಸೂಚನೆಗಳು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟೆಯ ಬಳಿಯ ಜಲಪಾತದಲ್ಲಿ ನೀರು ಹಠಾತ್ತನೆ ಏರಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಆ ಸುದ್ದಿ ಓದಿದ ದಿನ ನಮಗೆ ನೆನಪಾದದ್ದು ನೀರಿನ ಅಂಚಿನ ಆ ಕಲ್ಲು.

ಅಂದು ಮೇಲೇರಿದ ಇನ್ನೊಂದು ತಂಡದವರು ಕ್ಷೇಮವಾಗಿಯೇ ಇಳಿದರೆಂದು ಬಳಿಕ ತಿಳಿಯಿತು. ಅದರಿಂದ ನಮ್ಮ ನಾಯಕನ ನಿರ್ಧಾರ ತಪ್ಪಾಗಲಿಲ್ಲ. ಇಪ್ಪತ್ತೆರಡು ಮಂದಿಯ ಹೊಣೆ ಹೊತ್ತವನು ಅದೃಷ್ಟವನ್ನು ಲೆಕ್ಕಕ್ಕೆ ಹಿಡಿಯಬಾರದು.

ಹೊರಡುವ ಮುನ್ನ

ಮಹಾರಾಷ್ಟ್ರ ಸರ್ಕಾರವು 2021ರಲ್ಲಿ ಪ್ರಕಟಿಸಿದ ಸಾಹಸ ಪ್ರವಾಸೋದ್ಯಮ ನೀತಿಯಂತೆ ಇಂತಹ ಚಟುವಟಿಕೆ ನಡೆಸುವವರು ನೋಂದಣಿ ಮಾಡಿಸಿಕೊಳ್ಳಬೇಕು. ಆದ್ದರಿಂದ ಹಣ ಕಟ್ಟುವ ಮೊದಲು ಕೇಳಲು ಸಂಕೋಚಪಡಬೇಕಾಗಿಲ್ಲ: ನೋಂದಣಿ ಇದೆಯೇ? ಎಷ್ಟು ಜನರಿಗೆ ಎಷ್ಟು ಮಂದಿ ನಾಯಕರು? ಪ್ರಥಮ ಚಿಕಿತ್ಸೆ ಬಲ್ಲವರು ಇದ್ದಾರೆಯೇ? ಯಾವ ಹೊತ್ತಿಗೆ, ಎಲ್ಲಿದ್ದರೂ ಹಿಂದಿರುಗುತ್ತೀರಿ? ಈ ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರವಿಲ್ಲದ ಗುಂಪಿನೊಡನೆ ಹೋಗದಿರುವುದೇ ಲೇಸು. ನಾವೂ ಮಂಡಿನೋವು, ಮಧುಮೇಹ, ರಕ್ತದೊತ್ತಡಗಳನ್ನು ಮುಚ್ಚಿಡದೆ ತಿಳಿಸಬೇಕು.

ಒಯ್ಯಬೇಕಾದುದು ಹೆಚ್ಚಿಲ್ಲ. ತಲೆಗೆ ಎರಡು ಲೀಟರ್ ನೀರು, ಉಪ್ಪು-ಸಕ್ಕರೆ-ನಿಂಬೆ, ಬುತ್ತಿ, ಟಾರ್ಚು, ನಿತ್ಯದ ಔಷಧಿ, ಒಂದು ಜೊತೆ ಒಣಬಟ್ಟೆ. ಒದ್ದೆಯಾದರೆ ಭಾರವಾಗಿ ಬೇಗ ಆರದ ಜೀನ್ಸ್ ಬೇಡ. ಅಡಿ ಸವೆದ ಬೂಟು ಜಾರುತ್ತದೆ; ಅಂದೇ ಕೊಂಡ ಬೂಟು ಕಚ್ಚುತ್ತದೆ. ಏರುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ಶ್ರಮ ಹೆಚ್ಚಾದುದರಿಂದ ಹಿರಿಯರಿಗೆ ಊರುಗೋಲು ಇರಲಿ. ತುರ್ತು ಸಹಾಯಕ್ಕೆ 112 ಇದೆ; ಲೋಣಾವಳದ ಸುತ್ತಿನಲ್ಲಿ ‘ಶಿವದುರ್ಗ ಮಿತ್ರ’ದ ಸ್ವಯಂಸೇವಕರು ಸಿಲುಕಿದವರನ್ನು ಪಾರುಮಾಡುವ ಕಾರ್ಯದಲ್ಲಿ ತೊಡಗಿದ್ದಾರೆ.

ಬನವಾಸಿಯ ಶ್ರೇಷ್ಠಿ

ವಿಸಾಪುರದಿಂದ ಹಿಂದಿರುಗಿದ ಆ ಭಾನುವಾರ ವ್ಯರ್ಥವಾಗಲಿಲ್ಲ. ನಾಯಕನು ನಮ್ಮನ್ನು ಹಳಿಯಾಚೆಯ ಕಾರ್ಲೆ ಗುಹೆಗಳಿಗೆ ಕರೆದೊಯ್ದನು. ಅಲ್ಲಿನ ಮಹಾಚೈತ್ಯದ ಮುಂಭಾಗದಲ್ಲಿರುವ ಬ್ರಾಹ್ಮೀ ಶಾಸನವು, ಆ ಶಿಲಾಮಂದಿರವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ತಿಳಿಸುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಆ ನಾಡಿನವನೊಬ್ಬನು ಈ ಘಟ್ಟಗಳವರೆಗೆ ಬಂದು ಹೆಸರು ಉಳಿಸಿಹೋಗಿದ್ದನು. ಬೆಳಿಗ್ಗೆ ಗೊಣಗಿದವರೇ ಸಂಜೆ ಆ ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತಿದ್ದರು.

ಮರಳುವ ರೈಲು ಹತ್ತುವ ಮುನ್ನ ಮತ್ತೆ ತಲೆಯೆಣಿಕೆ ನಡೆಯಿತು. ಹೊರಟಾಗ ಇಪ್ಪತ್ತೆರಡು, ಮರಳುವಾಗಲೂ ಇಪ್ಪತ್ತೆರಡು. ವಿಸಾಪುರವನ್ನು ನಾವು ಡಿಸೆಂಬರಿನಲ್ಲಿ, ನೀರಿಳಿದ ಮೇಲೆ, ಅದೇ ಮೆಟ್ಟಿಲುಗಳಿಂದ ಏರಿದೆವು.