ಚೀಲದೊಳಗಿನ ನೀರಿಗೂ ಬಾಡಿಗೆ

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ದೀಪಾವಳಿ ಕಳೆದು ರಾಶಿ ಶುರುವಾಯಿತೆಂದರೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರುಗಳು ಈ ದಾರಿ ಹಿಡಿಯುತ್ತವೆ. ಅವು ಎಳೆದು ತರುವ ತೂಕದಲ್ಲಿ ಅಕ್ಕಿ ಎಷ್ಟು?

ಕೊಯ್ಲಿನ ಹೊತ್ತಿಗೆ ಭತ್ತದಲ್ಲಿ ಶೇ. 20ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ನೀರಿರುತ್ತದೆ. ಕೆಡದಂತೆ ಇಡಬೇಕಾದರೆ ಅದು 14ಕ್ಕೆ ಇಳಿಯಬೇಕು. ಹಾಗೆ ಒಣಗಿದಾಗ 100 ಕಿಲೋ ಭತ್ತ 93 ಕಿಲೋ ಆಗುತ್ತದೆ. ಒಣಗಿಸದೆ ಐದು ಟನ್ ಹೇರಿದರೆ ಸುಮಾರು 350 ಕಿಲೋ ಬರೀ ನೀರಿಗೆ ಡೀಸೆಲ್ ಸುಟ್ಟಂತೆ! ಮೇಲೆ ಹೊಟ್ಟಿನ ಭಾರ ಬೇರೆ; ಅದು ಭತ್ತದ ಐದನೇ ಒಂದು ಪಾಲು. ಸರ್ಕಾರದ ಲೆಕ್ಕದಲ್ಲೂ ಕ್ವಿಂಟಲ್ ಭತ್ತಕ್ಕೆ ಸಿಗುವ ಅಕ್ಕಿ 67 ಕಿಲೋ. ಹೊಟ್ಟು ಜಾಗವನ್ನೂ ನುಂಗುತ್ತದೆ. ಒಂದು ಘನ ಮೀಟರಿನಲ್ಲಿ ಅಕ್ಕಿಯಾದರೆ 800 ಕಿಲೋ ಆಸುಪಾಸು ಹಿಡಿಯುತ್ತದೆ, ಭತ್ತ 600 ಕಿಲೋ ಮುಟ್ಟುವುದೂ ಕಷ್ಟ.

ನೀರು ಬಾಡಿಗೆ ತಿಂದು ಸುಮ್ಮನಿರುವುದಿಲ್ಲ. ಭತ್ತದ ಕಾಳು ಜೀವಂತ ಬೀಜ, ಉಸಿರಾಡುತ್ತದೆ. ಪಿಷ್ಟ ಕರಗಿ ಇಂಗಾಲದ ಡೈಆಕ್ಸೈಡ್, ನೀರಾವಿ, ಶಾಖ ಹೊರಬರುತ್ತವೆ. ತೇವ ಹೆಚ್ಚಿದಷ್ಟೂ ಉಸಿರಾಟ ಬಿರುಸು. ಹಸಿ ಚೀಲಗಳನ್ನು ಒತ್ತೊತ್ತಾಗಿ ಪೇರಿಸಿ, ತಾಡಪತ್ರಿ ಬಿಗಿದು ರಾತ್ರಿಯಿಡೀ ನಿಲ್ಲಿಸಿದರೆ ನಡುವಿನ ಚೀಲ ಬೆಚ್ಚಗಾಗುತ್ತದೆ. ಮೇಲೇರಿದ ಆವಿ ತಣ್ಣನೆಯ ತಾಡಪತ್ರಿಗೆ ತಗುಲಿ ಹನಿಯಾಗಿ ಮೇಲಿನ ಚೀಲಕ್ಕೇ ಇಳಿಯುತ್ತದೆ. ಬೂಷ್ಟು ಹಿಡಿಯಲು ಇಷ್ಟು ಸಾಕು. ಗೋಣಿಚೀಲಕ್ಕೆ ಗಾಳಿಯಾಡುವ ಗುಣವಿದೆ, ಪ್ಲಾಸ್ಟಿಕ್ ಚೀಲದಲ್ಲಿ ಅದು ಕಡಿಮೆ.

ಇನ್ನೊಂದು ನಷ್ಟ ಕಣ್ಣಿಗೆ ಬೀಳದ್ದು. ಸಹ್ಯಾದ್ರಿಯ ಸೆರಗಿನ ಊರುಗಳಲ್ಲಿ ಚಳಿಗಾಲದ ಇಬ್ಬನಿ ಜೋರು. ಹಗಲು ಬಿಸಿಲಿಗೆ ಒಣಗಿದ ಕಾಳು ರಾತ್ರಿ ಮತ್ತೆ ತೇವ ಹೀರಿದರೆ ಹೊರಪದರ ಹಿಗ್ಗುತ್ತದೆ, ಒಳಗಿನ ತಿರುಳು ಹಿಗ್ಗುವುದಿಲ್ಲ. ಕಾಳಿನೊಳಗೆ ಕೂದಲೆಳೆಯ ಬಿರುಕು ಮೂಡುತ್ತದೆ. ಗಿರಣಿಯಲ್ಲಿ ಅದು ನುಚ್ಚಾಗಿ ಉದುರಿದಾಗ ಬೈಗುಳ ಗಿರಣಿಗೆ, ತಪ್ಪು ಮಾತ್ರ ಕಣದ್ದು. ಬೆಳಗಾವಿ ಬಾಸುಮತಿಯಂಥ ಪರಿಮಳದ ಅಕ್ಕಿಗೆ ಈ ನುಚ್ಚಿನ ಪೆಟ್ಟು ಇನ್ನೂ ಜೋರು.

ಹಾಗಾದರೆ ಊರಲ್ಲೇ ಗಿರಣಿಗೆ ಹಾಕಿಸಿ ಅಕ್ಕಿಯನ್ನೇ ಪೇಟೆಗೆ ಕಳಿಸಬಾರದೇ? ತೂಕದ ಲೆಕ್ಕದಲ್ಲಿ ಅದೇ ಸರಿ. ಆದರೆ ತಿಂಗಳುಗಟ್ಟಲೆ ಇಡುವುದಿದ್ದರೆ ಭತ್ತವೇ ವಾಸಿ. ಹುಳದಿಂದ ಕಾಳನ್ನು ಕಾಯುವುದು ಅದೇ ಹೊಟ್ಟು. ಭತ್ತವನ್ನೇ ಮಾರುವವರು ಕಣದಲ್ಲಿ ತೆಳ್ಳಗೆ ಹರವಿ, ಆಗಾಗ ಕೈಯಾಡಿಸಿ, ಸಂಜೆ ಮುಚ್ಚಿಟ್ಟು ಒಣಗಿಸಿ, ತೇವಾಂಶ ಅಳೆಸಿಯೇ ಗಾಡಿಗೆ ಹೇರಲಿ. ಬೆಂಬಲ ಬೆಲೆಯ ಖರೀದಿಗೆ ಮಿತಿ ಶೇ. 17. ಅದಕ್ಕಿಂತ ಹಸಿಯಿದ್ದು ಗಾಡಿ ವಾಪಸಾದರೆ ಎರಡು ಸಲದ ಬಾಡಿಗೆ ರೈತನದೇ.